ಹಾಡಿನಿಂದ ತೆಗೆದ ಕಸ

ಮದುವೆ ಮನೆಗೆ ಹೋದವರು ಗಂಡು ಹೆಣ್ಣಿನ ಜೋಡಿ ನೋಡುತ್ತಾರೆ, ಸೀರೆ ನೋಡುತ್ತಾರೆ, ಎಲೆಗೆ ಏನೇನು ಬಿತ್ತು ಎಂದು ನೋಡುತ್ತಾರೆ. ನಾನು ಫ್ಯಾನು ಕೇಳುತ್ತೇನೆ. ಛತ್ರದ ಎಡಗಡೆಯ ಮೂರನೆಯ ಫ್ಯಾನಿನ ಬೇರಿಂಗ್ ಹೋಗಿದೆ ಎನ್ನುವುದು ಧಾರೆಗೆ ಮುಂಚೆಯೇ ನನಗೆ ಗೊತ್ತಾಗಿರುತ್ತದೆ. ಪಕ್ಕದಲ್ಲಿ ಕೂತವರಿಗೆ ಅದನ್ನು ಹೇಳಿದರೆ ಅವರು ಒಮ್ಮೆ ಮೇಲೆ ನೋಡಿ, ಒಮ್ಮೆ ನನ್ನನ್ನು ನೋಡಿ, ಕುರ್ಚಿಯನ್ನು ಸ್ವಲ್ಪ ಆಚೆಗೆ ಎಳೆದುಕೊಳ್ಳುತ್ತಾರೆ. ನನ್ನ ಹೆಂಡತಿ ಸುಮಾ ಇದನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದಾಳೆ. ಈಗ ಯಾವ ಮದುವೆಗೆ ಹೋದರೂ ಅವಳು ನನ್ನ ಪಕ್ಕದಲ್ಲಿ ಕೂರುವುದಿಲ್ಲ.

ಇದು ಕಸುಬಿನ ಕಾಯಿಲೆ. ಮೂವತ್ತೊಂದು ವರ್ಷ ಒಂದು ರೇಡಿಯೋ ಕೇಂದ್ರದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತನಾದವನು ನಾನು. ಹಾಡನ್ನು ಹಿಡಿದಿಡುವುದು ನನ್ನ ಕೆಲಸ ಎಂದು ನೆಂಟರೆಲ್ಲ ತಿಳಿದಿದ್ದರು. ನಿಜ ಹೇಳಬೇಕೆಂದರೆ, ಹಾಡಲ್ಲದ್ದನ್ನು ಓಡಿಸುವುದೇ ನನ್ನ ಕೆಲಸವಾಗಿತ್ತು. ಗಾಯಕಿಯರ ಬಳೆ ತೆಗೆಸುತ್ತಿದ್ದೆ. ಗಂಜಿ ಹಾಕಿದ ಸೀರೆ ಉಟ್ಟು ಬಂದವರಿಗೆ ಅಲುಗಾಡಬೇಡಿ ಎನ್ನುತ್ತಿದ್ದೆ. ಏಪ್ರಿಲ್ ತಿಂಗಳಲ್ಲಿ ಫ್ಯಾನು ಆರಿಸಿ ಹಿರಿಯ ವಿದ್ವಾಂಸರನ್ನು ಬೆವರಿಸಿದ್ದೇನೆ. ಒಬ್ಬ ಮೃದಂಗದವರು ಹೊಟ್ಟೆ ತುಂಬ ಬಿಸಿಬೇಳೆ ಬಾತ್ ತಿಂದು ಬಂದಿದ್ದರು. ವಿಳಂಬ ಕಾಲದಲ್ಲಿ ಅವರ ಹೊಟ್ಟೆ ತನ್ನದೇ ಒಂದು ಲೆಕ್ಕದಲ್ಲಿ ಗುಡುಗಿದ್ದರಿಂದ ಒಂದೇ ಕೀರ್ತನೆಯನ್ನು ನಾಲ್ಕು ಸಲ ಮಾಡಿಸಿದ್ದೆ. ಪಾಪ, ಅವರು ಆಮೇಲೆ ಉಪವಾಸವಿದ್ದೇ ಬರುತ್ತಿದ್ದರು.

ಸ್ಟುಡಿಯೋದಲ್ಲಾದರೆ ನಮಗೂ ಅವರಿಗೂ ನಡುವೆ ಗಾಜು ಇರುತ್ತದೆ. ಊರೂರಿಗೆ ಹೋಗಿ ರೆಕಾರ್ಡ್ ಮಾಡುವಾಗ ಮೈಕಿನ ಪಕ್ಕದಲ್ಲೇ ಕೂರಬೇಕು. ಕೆಮ್ಮುವ ಹಾಗಿಲ್ಲ, ಎಂಜಲು ನುಂಗುವ ಹಾಗಿಲ್ಲ, ಕಾಲು ಜೋಮು ಹಿಡಿದರೂ ಕದಲುವ ಹಾಗಿಲ್ಲ. ಹಾಗೆ ಕೂತು ಕೂತು ಸದ್ದಿಲ್ಲದೆ ಬದುಕುವ ವಿದ್ಯೆ ನನಗೆ ಮೈಗೂಡಿತು. ಮನೆಗೂ ಅದನ್ನೇ ತಂದೆ. ಹನುಮಂತನಗರದ ನಮ್ಮ ಮನೆಯಲ್ಲಿ ತಟ್ಟೆಯನ್ನು ಕುಕ್ಕುವವರಿಲ್ಲ, ಚಪ್ಪಲಿ ಎಳೆದು ನಡೆಯುವವರಿಲ್ಲ. ಮೇಲಿನಿಂದ ಕರೆಯುವವರಿಲ್ಲ, ಹತ್ತಿರ ಬಂದೇ ಮಾತಾಡಬೇಕು. ಇದನ್ನೆಲ್ಲ ನಾನು ಸಂಸ್ಕಾರ ಎಂದುಕೊಂಡಿದ್ದೆ.

ನಮ್ಮವರಿಗೂ ಸದ್ದಿಗೂ ಇರುವ ಸಂಬಂಧ ನೋಡಿ, ವಿಚಿತ್ರವಾದದ್ದು. ತಾಳಿ ಕಟ್ಟುವಾಗ ಗಟ್ಟಿಮೇಳ ಎಂದು ಕೂಗುತ್ತಾರಲ್ಲ, ಅದು ಯಾಕೆ? ಆ ಗಳಿಗೆಯಲ್ಲಿ ಯಾರಾದರೂ ಸೀನಿಬಿಟ್ಟರೆ, ಅಪಶಕುನದ ಮಾತು ಕಿವಿಗೆ ಬಿದ್ದರೆ ಎಂಬ ಭಯ. ಹಾಗಂತ ನಮ್ಮ ಹಿರಿಯರು ಯಾರ ಮೂಗನ್ನೂ ಹಿಡಿಯಲಿಲ್ಲ. ಓಲಗದವರಿಗೆ ಸನ್ನೆ ಮಾಡಿದರು, ಸೀನು ಅದರೊಳಗೆ ಮುಳುಗಿಹೋಯಿತು. ಬೇಡದ ಸದ್ದಿಗೆ ನಮ್ಮವರ ಮದ್ದು ಇನ್ನಷ್ಟು ಸದ್ದು. ನಾನೇ ಎಲ್ಲೋ ದಾರಿ ತಪ್ಪಿ, ಬೇಡದ್ದನ್ನು ಕಿತ್ತು ಹಾಕುವ ಕಸುಬಿಗೆ ಬಿದ್ದವನು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನನ್ನ ಮಗಳು ಒಂದು ಆಲ್ಬಮ್ ಮಾಡಿದಳು.

ಮಗಳ ಹೆಸರು ಇಂಚರ. ಹೆಸರಿಟ್ಟವನು ನಾನೇ. ಇಪ್ಪತ್ತಾರು ವರ್ಷ, ಜೆ.ಪಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಮಂಡಿ ನೋವಿನವರಿಗೆ ವ್ಯಾಯಾಮ ಮಾಡಿಸುವ ಕೆಲಸ. ಕಾಲೇಜಿನಲ್ಲಿದ್ದಾಗ ಒಂದು ಗಿಟಾರ್ ತಂದಿದ್ದಳು. ಅದರ ಒಂದು ತಂತಿ ಯಾವಾಗಲೂ ಕೂದಲೆಳೆಯಷ್ಟು ಇಳಿದಿರುತ್ತದೆ. ಹೇಳಿ ಹೇಳಿ ನಾನು ಸುಸ್ತಾಗಿದ್ದೆ. ಅವಳು ತಾನೇ ಪದ ಕಟ್ಟುತ್ತಾಳೆ ಎಂದು ಗೊತ್ತಿತ್ತು, ಆದರೆ ಅವಳು ಹಾಡುತ್ತಿದ್ದದ್ದು ಯಾರನ್ನೋ ಎಬ್ಬಿಸಬಾರದು ಎನ್ನುವ ಹಾಗೆ ಅಷ್ಟು ಮೆತ್ತಗೆ. ಕಳೆದ ಮಳೆಗಾಲದಲ್ಲಿ ಒಂದು ದಿನ ತಾರಸಿಗೆ ಹೋಗೋಣವೆಂದು ಮೆಟ್ಟಿಲು ಹತ್ತಿದವನು ಅಲ್ಲೇ ನಿಂತೆ. ಮೇಲಿನಿಂದ ಮೂರನೇ ಮೆಟ್ಟಿಲ ಮೇಲೆ ಅವಳು ಗಿಟಾರ್ ಹಿಡಿದು ಕೂತಿದ್ದಳು. ಎದುರಿಗೆ ನಮ್ಮ ಅಮ್ಮನ ಕಾಲದ ಹಿತ್ತಾಳೆ ಸೇರು. ಅದರೊಳಗೆ ಫೋನು, ಫೋನಿಗೆ ತೊಡಿಸಿದ ನನ್ನದೊಂದು ಕಾಲುಚೀಲ.

ನನಗೆ ಎಷ್ಟು ಕೋಪ ಬಂತು ಎಂದರೆ, ಸದ್ದಿಲ್ಲದೆ ಇಳಿದು ಬಂದೆ. ನನ್ನ ಬೀರುವಿನಲ್ಲಿ ಮಕಮಲ್ ಡಬ್ಬಿಯೊಳಗೆ ಎರಡು ಒಳ್ಳೆಯ ಮೈಕುಗಳಿವೆ. ಮನೆಯಲ್ಲಿ ಮೂವತ್ತೊಂದು ವರ್ಷದ ಅನುಭವ ಪೇಪರ್ ಓದುತ್ತ ಕೂತಿದೆ. ಮಗಳು ಮೊದಲ ಬಾರಿಗೆ ತನ್ನ ಹಾಡುಗಳನ್ನು ಹಿಡಿದಿಡಲು ಹೊರಟು ಕೇಳಿದ್ದು ಕಾಲುಚೀಲವನ್ನು. ಅದನ್ನೂ ಕೇಳಿರಲಿಲ್ಲ, ತೆಗೆದುಕೊಂಡಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಕಟ್ಟಿದವನು ಯಾವುದೋ ಹಿತ್ತಲಲ್ಲಿ ಗಿಡವಾಗಿದ್ದವನೇ ಇರಬೇಕು.

ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ. "ಅದೇನು ರೆಕಾರ್ಡಿಂಗು, ಮೆಟ್ಲು ಮೇಲೆ?"

"ಲೋ-ಫೈ ಅಂತಾರೆ ಅಪ್ಪ."

"ಹಾಗಂದ್ರೆ?"

"ತುಂಬಾ ತೊಳ್ದು ತಿಕ್ಕಿ ಹೊಳಪು ಮಾಡದೆ ಬಿಡೋದು. ಎಲ್ಲಿ ಹಾಡಿದ್ವೋ ಆ ಜಾಗನೂ ಹಾಡಲ್ಲಿ ಇರ್ಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಸುಮಾ ನನ್ನ ಕಡೆ ನೋಡಿದ ನೋಟಕ್ಕೆ ಸಾರಿನಲ್ಲಿ ಉಪ್ಪು ಸರಿಯಾಗಿದೆ ಎಂದು ಮಾತು ತಿರುಗಿಸಿದೆ.

ಎಂಟು ಹಾಡು. ಆಲ್ಬಮ್ಮಿನ ಹೆಸರು 'ಮೂರನೇ ಮೆಟ್ಟಿಲು'. ಒಂದು ಗುರುವಾರ ರಾತ್ರಿ ಊಟವಾದ ಮೇಲೆ ಇಂಚರ ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ಭಾನುವಾರ ಸಂಜೆ ಅವಳ ಸ್ನೇಹಿತೆಯ ತಾರಸಿಯ ಮೇಲೆ ಒಂದಷ್ಟು ಜನ ಸೇರಿ ಕೇಳುವುದು, ಅದೇ ಹೊತ್ತಿಗೆ ಇಂಟರ್‌ನೆಟ್ಟಿಗೂ ಹಾಕುವುದು ಎಂದು ಗೊತ್ತಾಗಿತ್ತು.

"ನಾಳೆ ನಾನು ಕೆಲಸಕ್ಕೆ ಹೋದ್ಮೇಲೆ ನಿಧಾನವಾಗಿ ಕೇಳು" ಎಂದಳು. "ಮುಖ್ಯ ಐದನೇದು. ಅದನ್ನ ನೀನು ಬೇಡ ಅಂದ್ರೆ ನಾನು ಹಾಕಲ್ಲ. ಏಳೇ ಹಾಡು ಬಿಡ್ತೀನಿ."

"ನಾನ್ಯಾಕೆ ಬೇಡ ಅನ್ಲಿ?"

"ಕೇಳು, ಗೊತ್ತಾಗತ್ತೆ. ಆದ್ರೆ ಅಪ್ಪ, ಕೇಳೋದಷ್ಟೇ. ಏನೂ ಮುಟ್ಬೇಡ."

ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು. ಮಂಡಿ ನೋವಿನ ಎಂಬತ್ತು ವರ್ಷದವರೂ ಅವಳು ಹೇಳಿದ್ದನ್ನು ಕೇಳುತ್ತಾರೆ.

ಶುಕ್ರವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲ ಹಾಡು ಶುರುವಾಗಿ ಹತ್ತು ಸೆಕೆಂಡಿಗೆ ಕುಕ್ಕರ್ ಕೂಗಿತು. ಎರಡನೆಯದರಲ್ಲಿ ಕಾಗೆ. ಮೂರನೆಯದರಲ್ಲಿ ನಮ್ಮ ಮನೆಯ ಹತ್ತಿರದ ಗುಡ್ಡದ ದೇವಸ್ಥಾನದ ಗಂಟೆ, ಅದೂ ತಾಳಕ್ಕೆ ಸರಿಯಾಗಿ ಬಂದಿದ್ದರೆ ಮಾತು ಬೇರೆ. ನಾಲ್ಕನೆಯದರಲ್ಲಿ ಸುಮಾಳ ಬಳೆ ಮತ್ತು ಸೊಪ್ಪಿನವಳು "ದಂಟು, ಮೆಂತ್ಯ, ಸಬ್ಬಸಿಗೆ" ಎಂದು ಕೂಗುವುದು. ಐದನೆಯದರಲ್ಲಿ ಉದ್ದಕ್ಕೂ ಒಂದು ಗುಂಯ್ ಎನ್ನುವ ಸದ್ದು. ಕೆಳಗೆಲ್ಲೋ ನೀರಿನ ಸಂಪಿನ ಮೋಟಾರು ಹಾಕಿದ್ದಾರೆ, ಈ ಹುಡುಗಿಗೆ ಅದು ನಿಲ್ಲುವ ತನಕ ಕಾಯುವಷ್ಟೂ ತಾಳ್ಮೆಯಿಲ್ಲವೇ ಎಂದು ತಲೆ ಚಚ್ಚಿಕೊಂಡೆ.

ನೀವು ಅಕ್ಕಿ ಆರಿಸುವವರನ್ನು ನೋಡಿದ್ದೀರಿ. ಪಕ್ಕದ ಮನೆಗೆ ಮಾತಾಡಲು ಹೋಗಿದ್ದರೂ ಅಲ್ಲಿ ಮೊರದಲ್ಲಿ ಅಕ್ಕಿ ಇದ್ದರೆ ಅವರ ಬೆರಳು ಸುಮ್ಮನಿರುವುದಿಲ್ಲ, ಮಾತಾಡುತ್ತಲೇ ಎರಡು ಕಲ್ಲು ತೆಗೆದು ಆಚೆಗೆ ಹಾಕಿರುತ್ತಾರೆ. ನನ್ನ ಕಥೆಯೂ ಅಷ್ಟೇ ಆಯಿತು. ಆ ಕುಕ್ಕರಿನ ಕೂಗೊಂದನ್ನು ತೆಗೆದು ನೋಡೋಣ, ಅವಳಿಗೆ ತೋರಿಸೋಣ, ಖುಷಿಯಾದರೂ ಆದಾಳು ಎಂದು ಶುರುಮಾಡಿದೆ. ನಿವೃತ್ತಿಯ ಮೇಲೆ ಬೀದಿಯ ಭಜನಾ ಮಂಡಳಿಯ ಕ್ಯಾಸೆಟ್ಟುಗಳನ್ನು ಚೊಕ್ಕಟ ಮಾಡಿಕೊಡಲು ಈ ಕಂಪ್ಯೂಟರ್ ವಿದ್ಯೆಯನ್ನು ಕಲಿತಿದ್ದೆ. ಬರೀ ಸದ್ದಿರುವ ಒಂದು ಚೂರನ್ನು ಯಂತ್ರಕ್ಕೆ ತೋರಿಸಿ, ಇಂಥದ್ದು ಎಲ್ಲಿದ್ದರೂ ತೆಗೆ ಎನ್ನಬೇಕು. ಅದು ತೆಗೆಯುತ್ತದೆ. ಇನ್ನೂ ಒಂದು ಸೌಲಭ್ಯವಿದೆ: ತೆಗೆದದ್ದನ್ನು ಮಾತ್ರ ಕೇಳಿಸು ಎಂದರೆ ಅದನ್ನೂ ಬೇರೆಯಾಗಿ ಕೊಡುತ್ತದೆ.

ಕಾಫಿ ಆರಿಹೋಯಿತು. ಊಟಕ್ಕೆ ಸುಮಾ ಮೂರು ಸಲ ಕರೆದಳು. ಎಂಟು ಹಾಡನ್ನೂ ಚೊಕ್ಕಟ ಮಾಡಿ ಎದ್ದಾಗ ಸಂಜೆ ನಾಲ್ಕು. ಐದನೆಯದರ ಮೋಟಾರು ಬಹಳ ಕಾಟ ಕೊಟ್ಟಿತು. ಒಂದೇ ಕಡೆ ನಿಲ್ಲದೆ ಮೇಲೆ ಕೆಳಗೆ ಓಡಾಡುವ ಮೋಟಾರನ್ನು ನನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ. ಬಿಡಲಿಲ್ಲ ನಾನು, ತುಂಡು ತುಂಡಾಗಿ ಹಿಡಿದು ತೆಗೆದೆ. ಆಮೇಲೆ ಒಂದು ಹೆಮ್ಮೆಯ ಕೆಲಸ ಮಾಡಿದೆ. ಎಂಟು ಹಾಡಿನಿಂದ ತೆಗೆದದ್ದನ್ನೆಲ್ಲ ಒಟ್ಟು ಮಾಡಿ ಒಂದು ಫೈಲಿಗೆ ಹಾಕಿ 'ಕಸ' ಎಂದು ಹೆಸರು ಕೊಟ್ಟೆ. ನಿನ್ನ ಲೋ-ಫೈಯಲ್ಲಿ ಎಷ್ಟು ಕಸವಿತ್ತು ನೋಡು ಎಂದು ಮಗಳಿಗೆ ತೋರಿಸಬೇಕಿತ್ತಲ್ಲ.

ಮತ್ತು ಚೊಕ್ಕಟವಾದ ಹಾಡುಗಳನ್ನು ಹಳೆಯ ಹಾಡುಗಳ ಮೇಲೆಯೇ, ಅದೇ ಹೆಸರಿನಲ್ಲಿ ಉಳಿಸಿದೆ.

ನಿಮಗೆ ಇದು ದಡ್ಡತನ ಅನ್ನಿಸಬಹುದು, ದಡ್ಡತನವೇ. ಆದರೆ ಅದಕ್ಕೊಂದು ಹಿನ್ನೆಲೆಯಿದೆ. ನಮ್ಮ ಕಾಲದಲ್ಲಿ ಟೇಪು ಸುಲಭವಾಗಿ ಸಿಗುತ್ತಿರಲಿಲ್ಲ. ಪ್ರಸಾರವಾದ ಮೇಲೆ ಟೇಪನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ತುಂಬುವುದು ನಮ್ಮ ಪದ್ಧತಿ. ಹೊಸ ಟೇಪು ಕೇಳಿದರೆ ಮೇಲಿನವರು ನಮ್ಮ ಮುಖವನ್ನು ಅಪರಾಧಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ರಾಗಿಕಲ್ಲಿನ ಮುಂದೆ ಕೂತು ಬೀಸುತ್ತ ಒಂದು ಗಂಟೆ ಹಾಡಿದ್ದಳು. ಕಲ್ಲು ನಿಲ್ಲಿಸಿ ಹಾಡಜ್ಜಿ, ಕಲ್ಲಿನ ಸದ್ದು ಬರುತ್ತಿದೆ ಎಂದಿದ್ದೆ. "ಕಲ್ಲು ನಿಂತ್ರೆ ಪದ ಎಲ್ಲಿಂದ ಬಂದಾತಪ್ಪ" ಎಂದಿದ್ದಳು. ಬೇಸರದಿಂದಲೇ ಕಲ್ಲಿನ ಸಮೇತ ರೆಕಾರ್ಡ್ ಮಾಡಿ ತಂದೆ. ಪ್ರಸಾರವಾಯಿತು. ಮುಂದಿನ ತಿಂಗಳು ಆ ಟೇಪಿನ ಮೇಲೆ ಎರೆಗೊಬ್ಬರದ ಬಗ್ಗೆ ಒಂದು ಭಾಷಣ ತುಂಬಿದೆವು. ಅಳಿಸಿದ ಕೈ ನನ್ನದೇ. ಆವತ್ತು ನನಗೆ ಏನೂ ಅನ್ನಿಸಿರಲಿಲ್ಲ, ಊಟದ ಡಬ್ಬಿ ತೊಳೆದಷ್ಟು ಸಲೀಸಾಗಿ ಮಾಡಿದ್ದೆ.

ಆರೂವರೆಗೆ ಇಂಚರ ಬಂದಳು. ನಾನು ಅವಳ ಎದುರಿಗೇ ಕುರ್ಚಿ ಹಾಕಿಕೊಂಡು ಕೂತೆ, ಮೆಚ್ಚುಗೆಯನ್ನು ಬಿಸಿಬಿಸಿಯಾಗಿ ಪಡೆಯಬೇಕಲ್ಲ. ಅವಳು ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಹಾಡಿಗೆ ಅವಳ ಹುಬ್ಬು ಮೇಲೇರಿತು. ಎರಡನೆಯದನ್ನು ಅರ್ಧಕ್ಕೆ ಬಿಟ್ಟು ನೇರವಾಗಿ ಐದಕ್ಕೆ ಹೋದಳು. ಕೊನೆಯ ತನಕ ಕೇಳಿದಳು. ಹೆಡ್‌ಫೋನನ್ನು ತೆಗೆದು ಮೇಜಿನ ಮೇಲೆ, ನಮ್ಮ ಮನೆಯ ಪದ್ಧತಿಯಂತೆ, ಚೂರೂ ಸದ್ದಾಗದ ಹಾಗೆ ಇಟ್ಟಳು.

"ಅಪ್ಪ, ಇದ್ರಲ್ಲಿ ಹಿಂದೆ ಗುಂಯ್ ಅಂತಿತ್ತಲ್ಲ, ಅದೆಲ್ಲಿ?"

"ಅದು ಸಂಪಿನ ಮೋಟಾರು ಕಣೆ. ತೆಗೆದೆ. ಎಷ್ಟು ಕಷ್ಟ ಆಯ್ತು ಗೊತ್ತಾ?"

"ಒರಿಜಿನಲ್ ಎಲ್ಲಿದೆ?"

"ಅದರ ಮೇಲೇ ಉಳಿಸಿದೀನಿ."

"ಅಪ್ಪ, ಫೋನಲ್ಲಿ ಜಾಗ ಇಲ್ಲ ಅಂತ ಅಲ್ಲಿಂದು ಅಳಿಸಿದ್ದೆ. ಇನ್ನೊಂದು ಕಾಪಿ ಇವತ್ತು ಮಾಡ್ಕೋಬೇಕು ಅಂತಿದ್ದೆ."

ಇಷ್ಟೇ ಅವಳು ಹೇಳಿದ್ದು. ಲ್ಯಾಪ್‌ಟಾಪ್ ಮುಚ್ಚಿ, "ಹಾಡು ಕೇಳಿದ್ಯಾ ನೀನು?" ಎಂದಳು. ಕೇಳಿದೆನಲ್ಲ, ಬೆಳಿಗ್ಗೆಯಿಂದ ಅದನ್ನೇ ಮಾಡಿದ್ದು ಎಂದೆ. "ಏನಂತ ಇತ್ತು ಅದ್ರಲ್ಲಿ?" ಎಂದಳು.

ನನಗೆ ಒಂದು ಸಾಲೂ ನೆನಪಿಗೆ ಬರಲಿಲ್ಲ. ಐದನೇ ಹಾಡನ್ನು ನಲವತ್ತು ಸಲವಾದರೂ ಹಿಂದೆ ಮುಂದೆ ಓಡಿಸಿದ್ದೆ. ಗುಂಯ್ ಎನ್ನುವುದು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಬಾಯಿಪಾಠವಾಗಿತ್ತು. ಅದರ ಮೇಲೆ ಮಗಳು ಏನು ಹಾಡುತ್ತಿದ್ದಾಳೆಂದು ಕೇಳಿರಲಿಲ್ಲ. ಅವಳು ಎದ್ದು ಮೆಟ್ಟಿಲು ಹತ್ತಿ ಹೋದಳು.

ಬೇರೆ ಮನೆಗಳಲ್ಲಿ ಕೋಪ ಬಂದರೆ ಬಾಗಿಲು ದಡಾರೆನ್ನುತ್ತದೆ, ಪಾತ್ರೆ ಬೀಳುತ್ತದೆ, ಅಕ್ಕಪಕ್ಕದವರಿಗೂ ಗೊತ್ತಾಗುತ್ತದೆ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಆ ಸಂಜೆ ಏನೂ ಕೇಳಲಿಲ್ಲ. ಮಗಳು ಇಳಿದು ಬಂದದ್ದು ಕೇಳಲಿಲ್ಲ, ಊಟ ಮಾಡಿದ್ದು ಕೇಳಲಿಲ್ಲ, ಅವಳ ಕೋಣೆಯ ಬಾಗಿಲು ಹಾಕಿಕೊಂಡದ್ದೂ ಕೇಳಲಿಲ್ಲ. ನಾನೇ ಕಲಿಸಿದ ವಿದ್ಯೆ, ನನ್ನ ಮೇಲೆಯೇ ತಿರುಗಿತ್ತು. ಒಂದೇ ಒಂದು ಸಲ ಆ ಬಾಗಿಲು ಬಡಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಏನ್ರೀ ಮಾಡಿದ್ರಿ ಅವಳಿಗೆ?" ಎಂದು ಸುಮಾ ಕೇಳಿದಾಗ, ತೊಳೆದೆ ಅಷ್ಟೇ ಎಂದೆ. ಬಹಳ ಸಂಕಟವಾಯಿತು. ಆ ಮುದುಕಿಯ ರಾಗಿಕಲ್ಲು ಅದೆಷ್ಟೋ ವರ್ಷಗಳ ಮೇಲೆ ನೆನಪಿಗೆ ಬಂದದ್ದು ಆವತ್ತೇ.

ಶನಿವಾರ ಬೆಳಿಗ್ಗೆ ಕಸದ ಆಟೋ ಬಂತು. ನಮ್ಮ ಬೀದಿಗೆ ಅದು ಬರುವುದು ತನ್ನ ಹಾಡು ಹಾಕಿಕೊಂಡು. ಆ ಸ್ಪೀಕರಿನ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಬೇಡ. ಸುಮಾ ಎರಡು ಬಕೆಟ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು, ಹಸಿ ಕಸ ಒಂದರಲ್ಲಿ, ಒಣ ಕಸ ಇನ್ನೊಂದರಲ್ಲಿ. ಆಟೋದ ಹೆಂಗಸು ಎರಡನೆಯ ಬಕೆಟ್ಟಿನೊಳಗೆ ಕೈ ಹಾಕಿ ಒಂದು ಚಮಚ ತೆಗೆದು, "ಅಕ್ಕ, ಇದನ್ನ ನೋಡ್ಕೊಳ್ಳಿ. ಕಸ ಹಾಕೋಕೆ ಮುಂಚೆ ಒಂದು ಸಲ ಕೈ ಆಡಿಸ್ಬೇಕು" ಎಂದು ಕೊಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಹಾಗೇ ಒಳಗೆ ಓಡಿದೆ.

ಇಂಚರ ಹಲ್ಲುಜ್ಜುತ್ತಿದ್ದಳು. "ಕಸ ಎಸೆದಿಲ್ಲ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅಕ್ಕಿಯಿಂದ ಆರಿಸಿದ ಕಲ್ಲನ್ನು ಬೀದಿಗೆ ಎಸೆಯದೆ ಲೋಟದಲ್ಲಿ ಹಾಕಿಟ್ಟಿದ್ದರೆ, ಮತ್ತೆ ಅದೇ ಅಕ್ಕಿಗೆ ಸುರಿಯಬಹುದು. ತೆಗೆದದ್ದನ್ನೂ ಉಳಿದದ್ದನ್ನೂ ಕೂಡಿಸಿದರೆ ಮೊದಲಿನದೇ ಬರಬೇಕು. ಪೇಸ್ಟಿನ ಬಾಯಲ್ಲೇ ಅವಳು "ಹಾಕು" ಎಂದಳು.

ಬರೀ ಕಸವನ್ನು ಹಾಕಿದೆ. ಹಾಡಿಲ್ಲ, ಗಿಟಾರಿಲ್ಲ. ಕುಕ್ಕರು, ಕಾಗೆ, ಗಂಟೆ, ಬಳೆ, ಸೊಪ್ಪು. ಸುಮಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಅವಳಿಗೆ ಕೇಳುವುದರಲ್ಲಿ ನನ್ನಷ್ಟು ತರಬೇತಿಯಿಲ್ಲ. ಆದರೆ ಒಂದೊಂದಕ್ಕೂ ಗುರುತು ಹೇಳತೊಡಗಿದಳು: ಇದು ಹುರುಳಿಕಾಳು ಬೇಯಿಸಿದ ದಿನ, ಇದು ಹಸಿರು ಬಳೆ, ಈಗ ಒಡೆದುಹೋಯಿತಲ್ಲ ಅದು, ಈ ಸೊಪ್ಪಿನವಳು ಅವತ್ತು ಚಿಲ್ಲರೆ ಇಲ್ಲ ಅಂದಳು. ಐದನೆಯದು ಬಂತು. ಗುಂಯ್.

"ಇದೇ ಆ ಮೋಟಾರು" ಎಂದೆ.

ಗುಂಯ್ ನಿಂತಿತು. ಒಂದು ಕೆಮ್ಮು. ಲೋಟ ಕೆಳಗಿಟ್ಟ ಸದ್ದು. ಪೇಪರಿನ ಹಾಳೆ ಮಗುಚಿದ್ದು. ಮತ್ತೆ ಗುಂಯ್ ಶುರುವಾಯಿತು.

"ಮೋಟಾರು ಪೇಪರ್ ಓದತ್ತೇನ್ರೀ?" ಎಂದಳು ಸುಮಾ.

ತಾಯಿ ಮಗಳು ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಇನ್ನೊಮ್ಮೆ ಕೇಳಿದೆ. ಬಾಯಿ ಮುಚ್ಚಿಕೊಂಡು, ಮೂಗಿನಿಂದ, ಒಬ್ಬ ಮನುಷ್ಯ ರಾಗವೊಂದನ್ನು ಗುನುಗುತ್ತಿದ್ದ. ಶ್ರುತಿ ಅಷ್ಟಕ್ಕಷ್ಟೇ. ಮೇಲೆ ಮೆಟ್ಟಿಲಲ್ಲಿ ಮಗಳು ಹಾಡುತ್ತಿದ್ದ ರಾಗವನ್ನೇ, ಅರ್ಧ ಹೆಜ್ಜೆ ಹಿಂದೆ ಬಿದ್ದು ಹಿಂಬಾಲಿಸುತ್ತಿದ್ದ. ಎಲ್ಲೆಲ್ಲಿಯದೋ ಫ್ಯಾನಿನ ಬೇರಿಂಗನ್ನು ಗುರುತಿಸುವ ನನಗೆ ನನ್ನ ದನಿ ಗುರುತು ಸಿಕ್ಕಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬೆನ್ನಾದರೆ ಹೋಗಲಿ, ಇದು ಮೂಗಿನ ಬುಡದಲ್ಲೇ ನಡೆದ ವ್ಯವಹಾರ.

"ನಾನು ಹಾಡ್ತೀನಾ?" ಎಂದೆ.

"ರಿಟೈರ್ ಆಗಿ ಮೂರು ತಿಂಗಳಿಗೆ ಶುರುವಾಯ್ತು" ಎಂದಳು ಸುಮಾ. "ಅದಕ್ಕೆ ಮುಂಚೆ ಒಂದು ದಿನನೂ ಇರ್ಲಿಲ್ಲ. ಪೇಪರ್ ಓದುವಾಗ, ಗಿಡಕ್ಕೆ ನೀರು ಹಾಕುವಾಗ. ಮೊದಲನೇ ಸಲ ಕೇಳಿದಾಗ ನಾನು ಅಡಿಗೆಮನೇಲಿ ಒಲೆ ಆರಿಸಿ ನಿಂತ್ಕೊಂಡಿದ್ದೆ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಿಲ್ಲಿಸ್ಬಿಡ್ತೀರ ಅಂತ ಇವಳೂ ನಾನೂ ಮಾತಾಡ್ಕೊಂಡಿದ್ವಿ."

ಐದು ವರ್ಷ ನನ್ನ ಮನೆಯಲ್ಲಿ ನನಗೆ ಗೊತ್ತಿಲ್ಲದೆ ಇಂಥದ್ದೊಂದು ಒಪ್ಪಂದ ನಡೆದಿತ್ತು. ಕಸವನ್ನೂ ಹಾಡನ್ನೂ ಕೂಡಿಸಿ, ಐದನೇ ಹಾಡನ್ನು ಹಾಕಿದೆ. ಈ ಸಲ ಕಣ್ಣು ಮುಚ್ಚಿ, ಯಂತ್ರದ ಮೇಲಿನ ಕೈ ತೆಗೆದು, ಮಡಿಲಲ್ಲಿಟ್ಟುಕೊಂಡು ಕೇಳಿದೆ.

ಮನೆಯೊಳಗೊಂದು ಕಿವಿಯಿತ್ತು,
ತಟ್ಟೆ ಮೆಲ್ಲಗೆ ಇಟ್ಟೆವು.
ನಗುವ ಮೊದಲು ಬಾಗಿಲು ಹಾಕಿ
ನಕ್ಕು ಮತ್ತೆ ಬಂದೆವು.

ಹಾಗೆಯೇ ಮುಂದುವರಿಯುತ್ತದೆ ಹಾಡು. ತುದಿಗಾಲಲ್ಲಿ ನಡೆದು ಬೆಳೆದ ಒಬ್ಬ ಹುಡುಗಿ. ಅವಳ ಗೆಳತಿಯರು ಅವಳ ಮನೆಗೆ ಆಡಲು ಬರುತ್ತಿರಲಿಲ್ಲ. ದೂರು ಎನ್ನುವ ದನಿಯೇ ಇಲ್ಲ, ಬೀದಿಯಲ್ಲಿ ಕಂಡದ್ದನ್ನು ಹೇಳಿದಷ್ಟು ಸರಳವಾಗಿ ಹೇಳುತ್ತಾಳೆ. ಅದಕ್ಕೇ ಹೆಚ್ಚು ನೋಯುತ್ತದೆ. ಅವಳು ಯಾಕೆ ಇಷ್ಟು ಮೆತ್ತಗೆ ಹಾಡುತ್ತಾಳೆ ಎಂದು ನಾನು ಎಷ್ಟೋ ಸಲ ಆಡಿಕೊಂಡಿದ್ದೆ. ನನ್ನ ಬೀರುವಿನಲ್ಲಿದ್ದ ಮೈಕುಗಳನ್ನು ಅವಳು ಯಾಕೆ ಕೇಳಲಿಲ್ಲ ಎಂದು ಕೊರಗಿದ್ದೆ. ಎರಡಕ್ಕೂ ಉತ್ತರ ಅಲ್ಲಿತ್ತು, ನಾನು ಮೋಟಾರು ಹಿಡಿಯುವುದರಲ್ಲಿದ್ದೆ.

"ನಿಜವಾಗ್ಲೂ ಮನೆ ಹಾಗಿತ್ತಾ?" ಎಂದು ಕೇಳಿದೆ.

"ಹೂಂ" ಎಂದಳು ಇಂಚರ. "ಕೊನೆ ತನಕ ಕೇಳು."

ಕೊನೆಯ ಸಾಲಾದ ಮೇಲೆ ಅವಳ ದನಿ ನಿಲ್ಲುತ್ತದೆ, ಗಿಟಾರೂ ನಿಲ್ಲುತ್ತದೆ. ಕೆಳಗಿನಿಂದ ಬರುತ್ತಿದ್ದ ಗುನುಗು ಮಾತ್ರ ನಿಲ್ಲುವುದಿಲ್ಲ. ಹಾಡು ಮುಗಿದದ್ದೇ ಗೊತ್ತಾಗದೆ, ಪೇಪರ್ ಓದುವ ಮನುಷ್ಯ ಇನ್ನೂ ಒಂದು ಸಾಲು ಒಬ್ಬನೇ ಗುನುಗಿಕೊಂಡು ಹೋಗುತ್ತಾನೆ. ಹಾಡು ಅಲ್ಲಿಗೆ ಮುಗಿಯುತ್ತದೆ. ಅವಳು ಅದಕ್ಕಾಗಿಯೇ ಇನ್ನೊಮ್ಮೆ ಹಾಡದೆ, ಅದೊಂದೇ ಸಲದ್ದನ್ನು ಇಟ್ಟುಕೊಂಡಿದ್ದಳು.

"ಹಾಕ್ಲಾ, ಬೇಡ್ವಾ?" ಎಂದಳು.

ನಾನು ಕನ್ನಡಕ ಒರೆಸಿಕೊಂಡು, "ಶ್ರುತಿ ಇಲ್ವಲ್ಲೇ ಅದಕ್ಕೆ" ಎಂದೆ.

"ಇರ್ಲಿ ಬಿಡಪ್ಪ, ಲೋ-ಫೈ."

"ಹಾಕು" ಎಂದೆ.

ಎಲ್ಲವೂ ಮರಳಿ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಹಾಡುಗಳ ಮೊದಲಿಗೆ ಅವಳು ಉಸಿರು ಎಳೆದುಕೊಂಡದ್ದನ್ನು ನಾನು ಕತ್ತರಿಸಿ ಎಸೆದಿದ್ದೆ. ಅದು ಕಸದ ಫೈಲಿನಲ್ಲೂ ಇರಲಿಲ್ಲ. ಈಗ ಆ ಮೂರು ಹಾಡು ದಿಢೀರನೆ ಶುರುವಾಗುತ್ತವೆ. ಬೇರೆಯವರಿಗೆ ಗೊತ್ತಾಗುವುದಿಲ್ಲ ಎಂದು ಇಂಚರ ಹೇಳಿದಳು. ನನಗೆ ಗೊತ್ತಾಗುತ್ತದೆ, ಪ್ರತಿ ಸಲವೂ.

ಭಾನುವಾರ ಜೆ.ಪಿ. ನಗರದಲ್ಲಿ ಅವಳ ಸ್ನೇಹಿತೆಯ ತಾರಸಿಯ ಮೇಲೆ ಮೂವತ್ತು ಜನ ಚಾಪೆ ಹಾಸಿ ಕೂತಿದ್ದರು. ಒಂದು ತಂತಿಯ ಮೇಲೆ ಪಕ್ಕದ ಮನೆಯವರ ಬಟ್ಟೆ ಒಣಗುತ್ತಿತ್ತು. ವೇದಿಕೆಯಿಲ್ಲ, ಭಾಷಣವಿಲ್ಲ, ಹಾರವಿಲ್ಲ. ಸುಮ್ಮನೆ ಒಂದು ಸ್ಪೀಕರಿಟ್ಟು ಎಂಟು ಹಾಡು ಹಾಕಿದರು. ಕುಕ್ಕರ್ ಕೂಗಿದಾಗ ಒಬ್ಬ ಹುಡುಗಿ ನಕ್ಕಳು, ನಮ್ಮನೆಯದೂ ಹೀಗೇ ಎನ್ನುವ ನಗು. ಐದನೆಯದು ಬಂದಾಗ ನಾನು ಚಾಪೆಯ ಅಂಚು ಹಿಡಿದುಕೊಂಡೆ. ನನ್ನ ಮುಂದೆ ಕೂತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ, "ಮಗಾ, ಹಿಂದೆ ಬರ್ತಿದೆಯಲ್ಲ, ಅದು ಸಖತ್ತಾಗಿದೆ. ಯಾವ ಇನ್‌ಸ್ಟ್ರುಮೆಂಟು?" ಎಂದ.

"ಹಾರ್ಮೋನಿಯಂ ಇರ್ಬೇಕು ಗುರು, ಹಳೇದು" ಎಂದ ಇನ್ನೊಬ್ಬ. "ಎಲ್ಲೋ ಗಾಳಿ ಲೀಕ್ ಆಗ್ತಿದೆ."

ಅವರ ಭುಜ ತಟ್ಟಿ ಪರಿಚಯ ಹೇಳಿಕೊಳ್ಳುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ. ಆಮೇಲೆ ಇಂಟರ್‌ನೆಟ್ಟಿನಲ್ಲಿ ನೋಡಿದರೆ ಹಾಡಿನ ಕೆಳಗೆ ಇಂಚರ ಎಲ್ಲರ ಹೆಸರು ಹಾಕಿದ್ದಳು. ಧ್ವನಿಮುದ್ರಣ ಎನ್ನುವಲ್ಲಿ ನನ್ನ ಹೆಸರಿರಬೇಕಿತ್ತು ಎಂದು ಆರು ತಿಂಗಳು ಒಳಗೊಳಗೇ ಬೆಂದವನು ನಾನು. ಅಲ್ಲಿ 'ಹಿತ್ತಾಳೆ ಸೇರು, ಒಂದು ಕಾಲುಚೀಲ' ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ 'ಜೊತೆದನಿ: ಅಪ್ಪ'.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸುಮಾ ಹೆದರಿದ್ದದ್ದೇ ಆಯಿತು. ಗುನುಗುತ್ತೇನೆ ಎಂದು ಗೊತ್ತಾದ ದಿನದಿಂದ ನನ್ನ ಗುನುಗು ನಿಂತುಹೋಯಿತು. ಪೇಪರ್ ಹಿಡಿದರೆ ಓದುವುದಕ್ಕಿಂತ ನನ್ನ ಮೂಗನ್ನೇ ಕಾಯುತ್ತಿದ್ದೆ. ಗಿಡಕ್ಕೆ ನೀರು ಹಾಕುವಾಗ ಬೇಕೆಂದೇ ಪ್ರಯತ್ನಿಸಿದರೆ ಕೆರೆದ ಹಾಗೆ ಏನೋ ಬರುತ್ತಿತ್ತು, ಅದು ಅದಲ್ಲ. ಒಂದು ತಿಂಗಳು ಹೀಗೇ ಹೋಯಿತು. ಮನೆಯಲ್ಲಿ ಬಾಗಿಲುಗಳು ಮಾತ್ರ ಸ್ವಲ್ಪ ಜೋರಾಗಿ ಹಾಕಿಕೊಳ್ಳತೊಡಗಿದ್ದವು, ಮಗಳು ತಾರಸಿಯಿಂದಲೇ "ಅಮ್ಮಾ" ಎಂದು ಕೂಗುತ್ತಿದ್ದಳು. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಒಳಗೊಳಗೇ ಒಂಥರ ಹಿತವಾಗುತ್ತಿತ್ತು.

ಮೊನ್ನೆ ಅವರೆಕಾಯಿ ಬಂತು. ಸೊಗಡು ಚೆನ್ನಾಗಿದೆಯೆಂದು ಸುಮಾ ಎರಡು ಕಿಲೋ ತಂದು ನನ್ನ ಮುಂದೆ ಸುರಿದಳು. ನಡುಮನೆಯಲ್ಲಿ ಕೂತು ಬಿಡಿಸುತ್ತಿದ್ದೆ. ಅಡಿಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು, ಮೆಟ್ಟಿಲ ಮೇಲೆ ಇಂಚರ ಗಿಟಾರಿನ ಆ ಇಳಿದ ತಂತಿಯನ್ನು ಏನೋ ಮಾಡುತ್ತಿದ್ದಳು. ಕಾಳಿನಲ್ಲಿ ಹುಳ ಸಿಕ್ಕಿತು, ಎಸೆದೆ. ನೆಂಟರ ಮದುವೆಗೆ ಹೋಗುವುದೋ ಬೇಡವೋ ಎಂದು ಯೋಚಿಸಿದೆ. ಬೆರಳು ತನ್ನ ಪಾಡಿಗೆ ತಾನು ಕಾಯಿ ಬಿಡಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಗಿದೆ ಅನ್ನಿಸಿತು. ಮಿಕ್ಸಿ ನಿಂತಿತ್ತು. ಗಿಟಾರೂ ನಿಂತಿತ್ತು. ತಲೆಯೆತ್ತಿದರೆ ಅಡಿಗೆಮನೆಯ ಬಾಗಿಲಲ್ಲಿ ಸುಮಾ ಸೌಟು ಹಿಡಿದು ಅಲುಗಾಡದೆ ನಿಂತಿದ್ದಳು. ಮೆಟ್ಟಿಲ ತಿರುವಿನಲ್ಲಿ ಇಂಚರ ಒಂದು ಕಾಲು ಕೆಳಗೆ ಒಂದು ಕಾಲು ಮೇಲೆ ಇಟ್ಟು ಹಾಗೇ ನಿಂತಿದ್ದಳು.

"ಯಾಕೆ, ಏನಾಯ್ತು?" ಎಂದೆ.

"ಏನಿಲ್ಲ" ಎಂದಳು ಸುಮಾ. "ನೀವು ಕಾಯಿ ಬಿಡಿಸಿ."